ರಕ್ತ ಬರಲಿ ಎಂದು ಕಾಯುವ ರೂಟ್ ಕೆನಾಲ್

ಎಂಟು ವರ್ಷದ ಮಗುವಿನ ಮುಂಬಲ್ಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಮೊದಲು ಕಣ್ಣಿಗೆ ಬೀಳುವುದು ಬೇರಿನ ತುದಿ. ದೊಡ್ಡವರ ಹಲ್ಲಿನ ಬೇರು ಮೂಲಂಗಿಯ ಹಾಗೆ ಸಣ್ಣಗಾಗುತ್ತಾ ಹೋಗಿ ಚೂಪಾಗಿ ಮುಗಿಯುತ್ತದೆ. ಈ ಮಗುವಿನದು ಹಾಗಲ್ಲ. ಅಕ್ಕಪಕ್ಕ ಎರಡು ತೆಳು ಬಿಳಿ ಗೆರೆಗಳು, ನಡುವೆ ಅಗಲವಾದ ಕಪ್ಪು ದಾರಿ. ಕೆಲವು ಹಲ್ಲುಗಳಲ್ಲಿ ಆ ಗೆರೆಗಳು ತುದಿಯಲ್ಲಿ ಕೂಡುವ ಬದಲು ಕಹಳೆಯ ಬಾಯಿಯಂತೆ ಇನ್ನಷ್ಟು ದೂರ ಸರಿದಿರುತ್ತವೆ. ಹಲ್ಲು ಬಾಯಿಗೆ ಬಂದಿದೆ, ಮಗು ಅದರಲ್ಲೇ ಸೀಬೆಹಣ್ಣು ಕಚ್ಚುತ್ತಿದೆ, ಆದರೆ ಹಲ್ಲಿನ ಕಟ್ಟಡ ಇನ್ನೂ ಮುಗಿದಿಲ್ಲ. ಶಾಶ್ವತ ಹಲ್ಲು ಒಸಡಿನಿಂದ ಹೊರಗೆ ಬಂದ ಮೇಲೆ ಬೇರು ಪೂರ್ತಿಯಾಗಲು ಸುಮಾರು 3 ವರ್ಷ ಬೇಕು.

ಈ ಮೂರು ವರ್ಷ ಕೆಲಸ ಮಾಡುವುದು ಹಲ್ಲಿನ ತಿರುಳು. ಅದು ಬರೀ ನೋವು ಕೊಡುವ ನರ ಅಲ್ಲ; ಬೇರಿನ ಗೋಡೆಯನ್ನು ಒಳಗಿನಿಂದ ಪದರ ಪದರವಾಗಿ ಕಟ್ಟುವ ಗಾರೆಯವನು. ಗಾರೆಯವನು ಅರ್ಧಕ್ಕೆ ಬಿಟ್ಟು ಹೋದರೆ ಗೋಡೆ ಎಷ್ಟು ಎದ್ದಿತ್ತೋ ಅಷ್ಟಕ್ಕೇ ನಿಲ್ಲುತ್ತದೆ.

ತಿರುಳು ಸಾಯುವುದಕ್ಕೆ ಕಾರಣ ಹೆಚ್ಚೂಕಡಿಮೆ ಮೂರು. ಏಳರಿಂದ ಹತ್ತು ವರ್ಷದ ಮಕ್ಕಳು ಬಿದ್ದು ಮೇಲಿನ ಮುಂಬಲ್ಲಿಗೆ ಪೆಟ್ಟು ಮಾಡಿಕೊಳ್ಳುವುದು ಒಂದು. ಎರಡನೆಯದು ಹುಳುಕು, ಅದೂ ಆರನೇ ವರ್ಷಕ್ಕೆ ಬರುವ ದವಡೆ ಹಲ್ಲಿನಲ್ಲಿ. ಈ ಹಲ್ಲು ಯಾವ ಹಾಲು ಹಲ್ಲನ್ನೂ ಬೀಳಿಸದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಬಂದು ಕೂತಿರುತ್ತದೆ. "ಹಾಲು ಹಲ್ಲು ತಾನೇ ಡಾಕ್ಟ್ರೇ, ಬಿದ್ದು ಬೇರೆ ಬರುತ್ತೆ ಬಿಡಿ" ಎಂದು ತಂದೆತಾಯಿ ಹೇಳುವ ಹಲ್ಲು ಬಹಳ ಸಲ ಇದೇ. ಇದು ಹೋದರೆ ಬೇರೆ ಬರುವುದಿಲ್ಲ. ಮೂರನೆಯ ಕಾರಣವನ್ನು ಡಾಕ್ಟರುಗಳೂ ಎಷ್ಟೋ ಸಲ ಗಮನಿಸುವುದಿಲ್ಲ. ಹನ್ನೊಂದು ಹನ್ನೆರಡರ ವಯಸ್ಸಿಗೆ ಬರುವ ಕೆಳಗಿನ ಕಿರುದವಡೆ ಹಲ್ಲಿನ ನೆತ್ತಿಯ ಮೇಲೆ ಕೆಲವು ಮಕ್ಕಳಿಗೆ ಮೊಳಕೆಯಂಥ ಒಂದು ಉಬ್ಬು ಇರುತ್ತದೆ. ಡೆನ್ಸ್ ಇವ್ಯಾಜಿನೇಟಸ್ ಎನ್ನುತ್ತಾರೆ; ಪೂರ್ವ ಏಷ್ಯಾದ ಜನರಲ್ಲಿ ಹೆಚ್ಚು, ನಮ್ಮಲ್ಲೂ ಉಂಟು. ಆ ಉಬ್ಬಿನೊಳಗೆ ತಿರುಳಿನ ಎಳೆ ಹೋಗಿರುತ್ತದೆ. ಎದುರು ಹಲ್ಲು ತಾಗಿ ತಾಗಿ ಅದು ಸವೆದರೆ ಅಥವಾ ಮುರಿದರೆ, ಹುಳುಕಿನ ಗುರುತೇ ಇಲ್ಲದ ಹಲ್ಲಿನ ಬುಡದಲ್ಲಿ ಕೀವು ತುಂಬುತ್ತದೆ.

ಇಂಥ ಹಲ್ಲಿಗೆ ಮಾಮೂಲಿ ರೂಟ್ ಕೆನಾಲ್ ಯಾಕೆ ಆಗದು? ದೊಡ್ಡವರ ರೂಟ್ ಕೆನಾಲಿನಲ್ಲಿ ನಮ್ಮ ಕೈ ಕಲಿತಿರುವ ಪಾಠ ನಾಲ್ಕು. ಬೇರಿನೊಳಗಿನ ನಾಳದ ಗೋಡೆಯನ್ನು ಫೈಲಿನಿಂದ, ಅಂದರೆ ಸೂಜಿಯಂಥ ಸಣ್ಣ ಅರದಿಂದ, ಕೆರೆ. ಕಟುವಾದ ದ್ರಾವಣದಲ್ಲಿ ತೊಳೆ. ಒಂದು ಹನಿ ರಕ್ತವೂ ಇಲ್ಲದಂತೆ ಒಣಗಿಸು. ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ತುದಿಯವರೆಗೂ ಮುಚ್ಚು. ಎಳೆ ಬೇರಿನಲ್ಲಿ ಈ ನಾಲ್ಕೂ ತಪ್ಪು. ಗೋಡೆ ಮೊದಲೇ ತೆಳು, ಕೆರೆದರೆ ಇನ್ನೂ ತೆಳು. ತುದಿ ತೆರೆದಿರುವುದರಿಂದ ದ್ರಾವಣವೂ ತುಂಬಿದ್ದೂ ಮೂಳೆಯೊಳಗೆ ನುಗ್ಗುತ್ತದೆ. ಇಂಥ ಹಲ್ಲಿನ ನಾಳದೊಳಗೆ ರಕ್ತ ಬರಿಸಿ ಹೊಸ ಅಂಗಾಂಶ ಬೆಳೆಸುವ ವಿಧಾನವೊಂದಿದೆ, ರೀಜನರೇಟಿವ್ ಚಿಕಿತ್ಸೆ ಎನ್ನುತ್ತಾರೆ; ಅದು ಆ ನಾಲ್ಕೂ ಅಭ್ಯಾಸಗಳನ್ನು ತಿರುಗುಮುರುಗು ಮಾಡುತ್ತದೆ. ಇದರಲ್ಲಿ ಆಗುವ ಎಡವಟ್ಟುಗಳು ಹೆಚ್ಚಿನ ಪಾಲು ಜ್ಞಾನದ ಕೊರತೆಯಿಂದ ಬಂದವಲ್ಲ. ಕೈಗೆ ಅಂಟಿದ ಅಭ್ಯಾಸದಿಂದ ಬಂದವು.

ಹಳೆಯ ದಾರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನದು. ನಾಳದಲ್ಲಿ ಅದನ್ನು ತುಂಬಿ, ತಿಂಗಳುಗಟ್ಟಲೆ ಬದಲಾಯಿಸುತ್ತಾ, ತುದಿಯಲ್ಲಿ ಗಟ್ಟಿ ಪದರ ಕಟ್ಟಿಕೊಳ್ಳುವವರೆಗೆ ಕಾಯುವುದು. ಆರು ತಿಂಗಳಿಂದ ಎರಡು ವರ್ಷದವರೆಗೂ ಎಳೆಯುತ್ತಿತ್ತು. ತುದಿ ಮುಚ್ಚಿತು ನಿಜ, ಗೋಡೆ ದಪ್ಪವಾಗಲಿಲ್ಲ. ಸ್ವೀಡನ್ನಿನ ಸ್ವೆಕ್ 1992ರಲ್ಲಿ ಇಂಥ ಹಲ್ಲುಗಳ ಗತಿ ಏನಾಯಿತೆಂದು ಲೆಕ್ಕ ಹಾಕಿ ತೋರಿಸಿದರು: ಬೇರು ತೀರಾ ಎಳೆಯದಾಗಿದ್ದ ಹಲ್ಲುಗಳಲ್ಲಿ 77 ಶೇಕಡಾ, ಹೆಚ್ಚು ಬೆಳೆದಿದ್ದವುಗಳಲ್ಲಿ 28 ಶೇಕಡಾ ಹಲ್ಲಿನ ಕತ್ತಿನಲ್ಲಿ, ಅಂದರೆ ಒಸಡಿನ ಅಂಚಿನ ಹತ್ತಿರ, ಮುರಿದಿದ್ದವು. ಕುರಿಯ ಹಲ್ಲುಗಳ ಮೇಲೆ ಆಂಡ್ರಿಯಾಸೆನ್ ಮತ್ತು ಜೊತೆಯವರು ಮಾಡಿದ 2002ರ ಪರೀಕ್ಷೆಯಲ್ಲಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸುಮಾರು ಒಂದು ವರ್ಷ ಒಳಗಿದ್ದರೆ ಬೇರಿನ ಬಲ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಂಡಿತು. ಆಮೇಲೆ ಎಂಟಿಎ ಎಂಬ ಸಿಮೆಂಟ್ ಬಂತು. ತುದಿಯಲ್ಲಿ 3ರಿಂದ 5 ಮಿ.ಮೀ. ಬಿರಡೆ ಹಾಕಿ ಒಂದೆರಡು ಭೇಟಿಯಲ್ಲಿ ಮುಗಿಸಬಹುದು. ಒಳ್ಳೆಯ ಚಿಕಿತ್ಸೆ, ಇವತ್ತಿಗೂ ಬೇಕು. ಆದರೆ ಗೋಡೆಯ ಪ್ರಶ್ನೆ ಅಲ್ಲೇ ಉಳಿಯಿತು.

ನಾಳದೊಳಗೆ ರಕ್ತ ಹೆಪ್ಪುಗಟ್ಟಿಸಿದರೆ ಅದರಲ್ಲಿ ಜೀವಂತ ಅಂಗಾಂಶ ಬೆಳೆದೀತೇ ಎಂದು ನಾರ್ವೆಯ ನೈಗಾರ್ಡ್ ಓಸ್ಟ್‌ಬಿ 1961ರಲ್ಲೇ ಕೇಳಿದ್ದರು. ಉತ್ತರ ಸಿಗಲು ನಲವತ್ತು ವರ್ಷ ಹಿಡಿಯಿತು. 2001ರಲ್ಲಿ ಜಪಾನಿನ ಇವಾಯಾ ಮತ್ತು ಸಂಗಡಿಗರು ಕೀವು ಸೋರುತ್ತಿದ್ದ ಒಂದು ಎಳೆ ಕಿರುದವಡೆ ಹಲ್ಲನ್ನು ಕೆರೆಯದೆ, ಔಷಧದಿಂದ ಶುಚಿ ಮಾಡಿ ಬಿಟ್ಟರು. 30 ತಿಂಗಳ ನಂತರದ ಎಕ್ಸ್‌ರೇಯಲ್ಲಿ ಗೋಡೆ ದಪ್ಪವಾಗಿ, ತುದಿ ಮುಚ್ಚಿತ್ತು. 2004ರಲ್ಲಿ ಬಾಂಕ್ಸ್ ಮತ್ತು ಟ್ರೋಪ್ ಬೇಕೆಂದೇ ರಕ್ತ ಬರಿಸಿ, ಹೆಪ್ಪಿನ ಮೇಲೆ ಎಂಟಿಎ ಮುಚ್ಚಳ ಹಾಕುವ ಕ್ರಮವನ್ನು ಬರೆದಿಟ್ಟರು. ಈಗ ನಡೆಯುತ್ತಿರುವುದು ಅದರದೇ ತಿದ್ದಿದ ರೂಪ. ಎಳೆ ಬೇರಿನ ತುದಿಗೆ ಅಂಟಿಕೊಂಡು ಒಂದು ಮೃದುವಾದ ಅಂಗಾಂಶ ಇರುತ್ತದೆ, ಏಪಿಕಲ್ ಪ್ಯಾಪಿಲ್ಲಾ. ಅದರಲ್ಲಿ ಕಾಂಡಕೋಶಗಳಿವೆ. ಹಲ್ಲಿನ ತಿರುಳು ಸತ್ತು ಕೀವಾಗಿದ್ದರೂ ಇದು ಬದುಕಿರಬಹುದು. ಆ ಕೋಶಗಳನ್ನು ರಕ್ತದ ಜೊತೆ ನಾಳದೊಳಗೆ ಕರೆತರುವುದೇ ಈ ಚಿಕಿತ್ಸೆ.

ಆದರೆ ಅದಕ್ಕೂ ಮೊದಲು ತಿರುಳು ನಿಜವಾಗಿ ಸತ್ತಿದೆಯೇ ಎಂದು ನೋಡಬೇಕು. ಇಲ್ಲಿ ಅವಸರಪಟ್ಟರೆ ಬದುಕಿದ್ದ ಗಾರೆಯವನನ್ನು ನಾವೇ ಕೆಲಸದಿಂದ ಬಿಡಿಸಿದಂತೆ. ವಿದ್ಯುತ್ ಪರೀಕ್ಷೆಯನ್ನು ಎಳೆ ಹಲ್ಲಿನಲ್ಲಿ ನಂಬುವ ಹಾಗಿಲ್ಲ, ಯಾಕೆಂದರೆ ಹಲ್ಲು ಬಂದು ನಾಲ್ಕೈದು ವರ್ಷ ಆಗುವವರೆಗೆ ಒಳಗಿನ ನರಜಾಲ ಬಲಿತಿರುವುದಿಲ್ಲ. ತಣ್ಣನೆ ಪರೀಕ್ಷೆ ವಾಸಿ, ಅದೂ ಪೆಟ್ಟು ಬಿದ್ದ ಹೊಸತರಲ್ಲಿ ತಪ್ಪು ಹೇಳುತ್ತದೆ. ಪೆಟ್ಟಿಗೆ ಕಳಚಿ ಬಿದ್ದ ಎಳೆ ಹಲ್ಲನ್ನು ಬೇಗ ಹಾಲಿನಲ್ಲಿಟ್ಟು ತಂದು ಕೂರಿಸಿದ್ದರೆ ಅದರೊಳಗೆ ರಕ್ತನಾಳ ತಾನಾಗಿ ಮತ್ತೆ ಹರಿಯುವ ಸಾಧ್ಯತೆ ಉಂಟು. ಅಂಥಲ್ಲಿ ಒಂದು ಪರೀಕ್ಷೆಗೆ ಉತ್ತರ ಬರಲಿಲ್ಲವೆಂದು ಡ್ರಿಲ್ ಎತ್ತಿಕೊಳ್ಳಬಾರದು. ಒಸಡಿನ ಮೇಲೆ ಕೀವಿನ ಗುಳ್ಳೆ, ತಟ್ಟಿದರೆ ನೋವು, ಎಕ್ಸ್‌ರೇಯಲ್ಲಿ ತುದಿಯ ಸುತ್ತ ಕಪ್ಪು, ಪಕ್ಕದ ಜೊತೆ ಹಲ್ಲಿನ ಬೇರು ಬೆಳೆಯುತ್ತಿದ್ದು ಇದರದು ನಿಂತಿರುವುದು: ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕಂಡರೆ ಮುಂದಿನ ಮಾತು. ತಿರುಳಿನ ಮೇಲ್ಭಾಗ ಮಾತ್ರ ಕೆಟ್ಟಿದ್ದರೆ 2 ಮಿ.ಮೀ.ಯಷ್ಟು ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಪಲ್ಪಾಟಮಿಗೆ ಸಾಟಿಯಾದದ್ದು ಇನ್ನೊಂದಿಲ್ಲ. ನಿಜವಾದ ಬೇರು ಬೆಳೆಯುವುದು ಅಲ್ಲೇ.

ಸತ್ತಿದೆ ಎಂದು ಖಾತ್ರಿಯಾದರೂ ಎಲ್ಲ ಹಲ್ಲೂ ಇದಕ್ಕೆ ತಕ್ಕುದಲ್ಲ. ಬೇರು ಮೂರನೇ ಎರಡು ಭಾಗಕ್ಕಿಂತ ಕಡಿಮೆ ಬೆಳೆದು, ಗೋಡೆ ತೆಳುವಾಗಿ, ತುದಿ 1 ಮಿ.ಮೀ.ಗಿಂತ ಅಗಲವಾಗಿ ತೆರೆದಿದ್ದರೆ ಈ ದಾರಿ ಹಿಡಿಯಲು ಬಲವಾದ ಕಾರಣವಿದೆ. ಉದ್ದ ಹೆಚ್ಚುಕಡಿಮೆ ಮುಗಿದು ತುದಿ ಮಾತ್ರ ತೆರೆದಿದ್ದರೆ ಎಂಟಿಎ ಬಿರಡೆಯೇ ಸರಳ. ಹಲ್ಲಿನ ಮೇಲ್ಭಾಗ ಪೂರ್ತಿ ಮುರಿದು, ನಾಳದೊಳಗೆ ಪೋಸ್ಟ್ ಎಂಬ ಆಧಾರದ ಕಡ್ಡಿ ನಿಲ್ಲಿಸಲೇಬೇಕಾದಲ್ಲಿ ಇದು ಆಗುವುದಿಲ್ಲ. ಮನೆಯವರಿಗೆ ಐದು ವರ್ಷದವರೆಗೆ ಬರಲು ಸಾಧ್ಯವೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಮೊದಲ ಭೇಟಿ ಪೂರ್ತಿ ತೊಳೆಯುವುದಕ್ಕೆ. ಮರಗಟ್ಟಿಸಿ, ಎಂಜಲು ತಡೆಯುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿ, ಹಲ್ಲಿಗೆ ದಾರಿ ತೆಗೆದು, ಉದ್ದವನ್ನು ಎಕ್ಸ್‌ರೇಯಲ್ಲೇ ಅಳೆಯಬೇಕು. ತುದಿ ತೆರೆದಿರುವ ಹಲ್ಲಿನಲ್ಲಿ ಉದ್ದ ಅಳೆಯುವ ಯಂತ್ರ, ಏಪೆಕ್ಸ್ ಲೊಕೇಟರ್, ಮೋಸ ಮಾಡುತ್ತದೆ. ಫೈಲಿನಿಂದ ಗೋಡೆ ಕೆರೆಯುವಂತಿಲ್ಲ. 1.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್, ಒಂದು ನಾಳಕ್ಕೆ 20 ಮಿ.ಲೀ., 5 ನಿಮಿಷ. ಅಂದರೆ 5 ಮಿ.ಲೀ. ಸಿರಿಂಜನ್ನು ನಾಲ್ಕು ಸಲ ತುಂಬಿ, ಒಂದೊಂದನ್ನೂ ಒಂದೂಕಾಲು ನಿಮಿಷ ಎಳೆದು ಖಾಲಿ ಮಾಡಬೇಕು. ಕೈಗೆ ಇದು ಅಸಹಜವಾಗಿ ನಿಧಾನ ಅನ್ನಿಸುತ್ತದೆ. ಅಂಗಡಿಯಲ್ಲಿ ಸಿಗುವ 3 ಶೇಕಡಾ ದ್ರಾವಣಕ್ಕೆ ಅಷ್ಟೇ ಅಳತೆಯ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 1.5 ಆಗುತ್ತದೆ, ಬೆರೆಸಿದ್ದನ್ನು ಅಂದೇ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಅಭ್ಯಾಸದಂತೆ 5 ಶೇಕಡಾದ್ದನ್ನೇ ಹಾಕಿದರೆ ಕ್ರಿಮಿಯ ಜೊತೆ ನಾವು ಕರೆಯಬೇಕೆಂದಿರುವ ಕೋಶಗಳೂ ಸಾಯುತ್ತವೆ, ಅವು ಅಂಟಿ ಕೂರಬೇಕಾದ ಡೆಂಟಿನ್, ಅಂದರೆ ಬೇರಿನ ಗೋಡೆಯ, ಮೇಲ್ಮೈಯೂ ಕೆಡುತ್ತದೆ. ಸೂಜಿ ಪಕ್ಕಕ್ಕೆ ತೂತಿರುವ 30 ಗೇಜಿನದಾಗಿರಲಿ, ತುದಿಯಿಂದ ಒಂದೆರಡು ಮಿ.ಮೀ. ಹಿಂದೆಯೇ ನಿಲ್ಲಲಿ, ಗೋಡೆಗೆ ಸಿಕ್ಕಿಕೊಳ್ಳದೆ ಸಡಿಲವಾಗಿ ಆಡುತ್ತಿರಲಿ. ದ್ರಾವಣ ತುದಿ ದಾಟಿದರೆ ಮಗು ಒಮ್ಮೆಲೇ ಚೀರುತ್ತದೆ, ನೋಡನೋಡುತ್ತ ಕೆನ್ನೆ ಊದುತ್ತದೆ. ಹೈಪೋಕ್ಲೋರೈಟ್ ಆದ ಮೇಲೆ ಸಲೈನ್, ಆಮೇಲೆ 17 ಶೇಕಡಾ ಇಡಿಟಿಎ, ಕ್ಯಾಲ್ಸಿಯಂ ಹಿಡಿದು ತೆಗೆಯುವ ದ್ರಾವಣ.

ನಂತರ ಔಷಧ. ಹಿಂದೆ ಸಿಪ್ರೋಫ್ಲಾಕ್ಸಾಸಿನ್, ಮೆಟ್ರೋನಿಡಜೋಲ್, ಮಿನೊಸೈಕ್ಲಿನ್ ಮೂರನ್ನೂ ಅರೆದು ಗಟ್ಟಿ ಪೇಸ್ಟ್ ಮಾಡಿ ತುಂಬುತ್ತಿದ್ದರು. ಗಟ್ಟಿ ಪೇಸ್ಟೆಂದರೆ ಹತ್ತಿರ ಹತ್ತಿರ ಒಂದು ಮಿ.ಲೀ.ಗೆ 1000 ಮಿ.ಗ್ರಾಂ. ಕಾಂಡಕೋಶ ತಾಳಿಕೊಳ್ಳುವುದು ಒಂದರಿಂದ ಐದು ಮಿ.ಗ್ರಾಂ.ನಷ್ಟು ತೆಳುವಾದದ್ದನ್ನು, ಅದು ಪೇಸ್ಟ್ ಅಲ್ಲ, ನೀರು. ಮಿನೊಸೈಕ್ಲಿನ್ ಹಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿ ಮುಂಬಲ್ಲನ್ನು ಬೂದು ಮಾಡುವುದು ಬೇರೆ. ಹೀಗಾಗಿ ನಮ್ಮ ಆಯ್ಕೆ ಸಾದಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತಿಂಗಳುಗಟ್ಟಲೆ ಇಟ್ಟರೆ ಕೆಡುಕಾದ ಅದೇ ವಸ್ತು ಎರಡರಿಂದ ನಾಲ್ಕು ವಾರಕ್ಕೆ ಒಳ್ಳೆಯದೇ ಮಾಡುತ್ತದೆ. ಮೇಲೆ 3–4 ಮಿ.ಮೀ. ದಪ್ಪದ ತಾತ್ಕಾಲಿಕ ಸಿಮೆಂಟ್. ಅದು ಕಿತ್ತು ಬಂದರೆ ಫೋನ್ ಮಾಡಿ ಅಂದೇ ಬನ್ನಿ ಎಂದು ಮನೆಯವರಿಗೆ ಹೇಳಿಯೇ ಕಳಿಸಬೇಕು, ಏಕೆಂದರೆ ಎಂಜಲು ಒಳಗಿಳಿದ ನಾಳವನ್ನು ಮೊದಲಿನಿಂದ ತೊಳೆಯಬೇಕಾಗುತ್ತದೆ.

ಎರಡನೇ ಭೇಟಿಯಲ್ಲಿ ಕೀವಿನ ಗುಳ್ಳೆ ಇನ್ನೂ ಇದ್ದರೆ, ತಟ್ಟಿದಾಗ ಮಗು ಮುಖ ಹಿಂಡಿದರೆ, ಅಂದು ಮುಂದುವರಿಯಬಾರದು. ಮತ್ತೆ ತೊಳೆದು, ಮತ್ತೆ ಔಷಧ ಇಟ್ಟು ಕಳಿಸುವುದು. ಸೋಂಕಿರುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕ್ರಿಮಿಗಳಿಗೆ ಊಟ.

ಎಲ್ಲ ಶಾಂತವಾಗಿದ್ದರೆ ಆ ದಿನದ ಮೊದಲ ಎಚ್ಚರ ಮರಗಟ್ಟಿಸುವ ಮದ್ದಿನದು. ನಮ್ಮ ಕ್ಲಿನಿಕ್ಕುಗಳಲ್ಲಿ ಟ್ರೇ ಮೇಲೆ ಸದಾ ಇರುವುದು ಅಡ್ರಿನಲಿನ್ ಬೆರೆತ ಲಿಗ್ನೋಕೇನ್. ಅಡ್ರಿನಲಿನ್ ರಕ್ತನಾಳ ಹಿಂಡುತ್ತದೆ. ನಾವು ಬಯಸುವುದು ರಕ್ತ. ಸಹಾಯಕರು ರೂಢಿಯಂತೆ ತುಂಬಿ ಕೊಟ್ಟ ಸಿರಿಂಜನ್ನು ನೋಡದೆ ಚುಚ್ಚಿ, ಆಮೇಲೆ ಅರ್ಧ ಗಂಟೆ ಫೈಲು ಆಡಿಸಿ "ಈ ಹಲ್ಲಲ್ಲಿ ರಕ್ತವೇ ಬರುತ್ತಿಲ್ಲ" ಎನ್ನುವುದು ಈ ಚಿಕಿತ್ಸೆಯಲ್ಲಿ ತೀರಾ ಸಾಮಾನ್ಯವಾದ ತಪ್ಪು. ಅಡ್ರಿನಲಿನ್ ಇಲ್ಲದ ಸಾದಾ 2 ಶೇಕಡಾ ಲಿಗ್ನೋಕೇನ್ ಅಥವಾ 3 ಶೇಕಡಾ ಮೆಪಿವಕೇನ್ ಬೇಕು. ಸಾದಾ ಲಿಗ್ನೋಕೇನ್ ಬೇಗ ಇಳಿಯುತ್ತದೆಂದು ಹೆಚ್ಚು ಹೆಚ್ಚು ಕೊಡುವಂತಿಲ್ಲ: ಮಿತಿ ಕಿಲೋಗೆ 4.4 ಮಿ.ಗ್ರಾಂ., 25 ಕಿಲೋ ಮಗುವಿಗೆ ಒಟ್ಟು ಐದೂವರೆ ಮಿ.ಲೀ. ಒಳಗೇ.

ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ತೊಳೆದು ತೆಗೆದ ಮೇಲೆ ಮತ್ತೆ 17 ಶೇಕಡಾ ಇಡಿಟಿಎ, 20 ಮಿ.ಲೀ., ನಿಧಾನವಾಗಿ. ಡೆಂಟಿನ್ ಕಟ್ಟುವಾಗ ಅದರೊಳಗೆ ಸಿಕ್ಕಿಕೊಂಡಿದ್ದ ಬೆಳವಣಿಗೆಯ ಪ್ರೋಟೀನುಗಳನ್ನು ಇಡಿಟಿಎ ಬಿಡಿಸಿ ಮೇಲ್ಮೈಗೆ ತರುತ್ತದೆ. ಕೋಶಗಳಿಗೆ ಅದೇ ಕರೆ. ಆದ್ದರಿಂದ ಅಂದು ಹೈಪೋಕ್ಲೋರೈಟ್ ಮುಟ್ಟುವುದಿಲ್ಲ. ಸ್ವಲ್ಪ ಸಲೈನ್ ಹಾಯಿಸಿ ಪೇಪರ್ ಪಾಯಿಂಟ್ ಎಂಬ ಕಾಗದದ ಕಡ್ಡಿಯಿಂದ ಒಣಗಿಸಿದರೆ ನಾಳ ಖಾಲಿ, ಬೆಳ್ಳಗೆ.

ಈಗ 20 ಅಥವಾ 25ನೇ ನಂಬರಿನ ಕೆ-ಫೈಲು. ಅದರ ತುದಿಯನ್ನು ಸ್ವಲ್ಪ ಬಗ್ಗಿಸಿ, ಅಳತೆಯ ರಬ್ಬರನ್ನು ಬೇರಿನ ಉದ್ದಕ್ಕಿಂತ 2 ಮಿ.ಮೀ. ಹೆಚ್ಚಿಗೆ ಇಟ್ಟು, ತುದಿ ದಾಟಿಸಿ ಮೆಲ್ಲಗೆ ತಿರುಗಿಸುವುದು. ದೊಡ್ಡವರ ರೂಟ್ ಕೆನಾಲಿನಲ್ಲಿ ಇದನ್ನು ಮಾಡಿದ ವಿದ್ಯಾರ್ಥಿಗೆ ಬೈಗುಳ ಕಟ್ಟಿಟ್ಟದ್ದು. ಮಗುವಿಗೆ "ಇರುವೆ ಕಚ್ಚಿದ ಹಾಗೆ ಒಂದು ಸಲ ಅನ್ನಿಸುತ್ತೆ ಪುಟ್ಟಾ" ಎಂದು ಮುಂಚೆಯೇ ಹೇಳಿರಬೇಕು. ಆ ಒಂದು ಚುಳುಕು ಒಳ್ಳೆಯ ಲಕ್ಷಣ, ಜೀವಂತ ಅಂಗಾಂಶ ತಾಗಿತು ಎಂದರ್ಥ. ಫೈಲು ಹೊರಗೆ ತೆಗೆದು ಕನ್ನಡಿಯಲ್ಲಿ ನೋಡುತ್ತಿದ್ದರೆ, ಬಿಳಿ ನಾಳದ ತಳದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಣುತ್ತದೆ. ಬಾವಿಯಲ್ಲಿ ಊಟೆ ಏರುವ ಹಾಗೆ ಅದು ಮೇಲೇರುತ್ತದೆ, ನಡುವೆ ನಿಂತು ಮತ್ತೆ ಏರುತ್ತದೆ. ಒಸಡಿನ ಅಂಚಿಗಿಂತ ಎರಡು ಮೂರು ಮಿ.ಮೀ. ಕೆಳಗೆ ಬಂದಾಗ ಸಲೈನಿನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಹಗುರಾಗಿ ಮೇಲಿಟ್ಟು, 15 ನಿಮಿಷ ಸುಮ್ಮನಿರುವುದು. ಹೆಪ್ಪು ಆಗುತ್ತಿದ್ದಂತೆ ರಕ್ತದ ಹೊಳಪು ಮಾಸಿ, ಬಣ್ಣ ಕಪ್ಪುಗೆಂಪಾಗಿ, ತಟ್ಟೆಯಲ್ಲಿ ಅಲುಗುವ ಜೆಲ್ಲಿಯಂತೆ ಕಾಣುತ್ತದೆ. ಹದಿನೈದು ನಿಮಿಷ ಎಂದರೆ ಹದಿನೈದೇ ನಿಮಿಷ. ಹೊರಗೆ ಹತ್ತು ಜನ ಕಾದಿದ್ದಾರೆಂದು ಐದಕ್ಕೇ ಎಂಟಿಎ ಇಟ್ಟರೆ ಅದು ಹೆಪ್ಪಿನೊಳಗೆ ಮುಳುಗುತ್ತದೆ.

ಮುಳುಗಿದರೆ ನಷ್ಟ ದೊಡ್ಡದು. ಮುರಿಯುವುದು ಕತ್ತಿನ ಭಾಗ, ಗೋಡೆ ದಪ್ಪವಾಗಬೇಕಾದದ್ದೂ ಅಲ್ಲೇ. ಮುಚ್ಚಳ ಅಲ್ಲಿಂದ ಕೆಳಗೆ ಜಾರಿ ಕೂತರೆ ಅದರ ಮೇಲಿನ ಗೋಡೆಗೆ ಹೊಸ ಅಂಗಾಂಶ ತಲುಪುವುದೇ ಇಲ್ಲ. ಹೆಪ್ಪಿನ ಮೇಲೆ ಕರಗುವ ಕೊಲಾಜೆನ್ ತುಂಡನ್ನು ಚಿಕ್ಕದಾಗಿ ಕತ್ತರಿಸಿ ಹಾಸಿದರೆ ಎಂಟಿಎಗೆ ನೆಲೆ ಸಿಗುತ್ತದೆ. ಒದ್ದೆ ಮರಳಿನಂತಿರುವ ಎಂಟಿಎಯನ್ನು ತುರುಕದೆ, ಸ್ವಲ್ಪ ಸ್ವಲ್ಪವಾಗಿ ತಟ್ಟುತ್ತಾ ಇಡಬೇಕು. ಮುಂಬಲ್ಲಿಗಾದರೆ ಅಂಥದೇ ಇನ್ನೊಂದು ಸಿಮೆಂಟ್, ಬಯೋಡೆಂಟಿನ್, ವಾಸಿ. ಎಂಟಿಎಯಲ್ಲಿರುವ ಬಿಸ್ಮತ್ ಆಕ್ಸೈಡ್ ಹಲ್ಲನ್ನು ಕಪ್ಪಾಗಿಸುತ್ತದೆ, ಬಿಳಿ ಎಂಟಿಎ ಕೂಡ. ಬಯೋಡೆಂಟಿನ್‌ನಲ್ಲಿ ಬಿಸ್ಮತ್ ಇಲ್ಲ, ಹನ್ನೆರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅದರ ಮೇಲೆ ಗ್ಲಾಸ್ ಅಯೊನೊಮರ್, ಮೇಲೆ ಕಾಂಪೋಸಿಟ್. ಈ ಮೇಲಿನ ಭರ್ತಿ ಸೋರಿದರೆ ಕೆಳಗಿನ ಎಲ್ಲ ಶ್ರಮವೂ ಹೋಯಿತು.

ಎಲ್ಲ ಸರಿ ಮಾಡಿದರೂ ರಕ್ತ ಬಾರದ ಹಲ್ಲುಗಳಿವೆ, ಅರ್ಧಕ್ಕೆ ನಿಲ್ಲುವವೂ ಇವೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬಹುದು. ದವಡೆ ಹಲ್ಲಿನ ಒಂದು ನಾಳದಲ್ಲಿ ಚೆನ್ನಾಗಿ ಬಂದರೆ ಅದನ್ನೇ ಪಕ್ಕದ ನಾಳಕ್ಕೆ ದಾಟಿಸುವುದುಂಟು. ಮಗುವಿನ ತೋಳಿನಿಂದ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸಿಗುವ ಪಿಆರ್‌ಎಫ್ ಎಂಬ ಹಳದಿ ಜಾಲರಿಯನ್ನು ನಾಳದೊಳಗೆ ಇಡುವ ದಾರಿಯೂ ಇದೆ. ಆ ಯಂತ್ರ ಎಲ್ಲ ಊರಿನ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ. ಬೆಂಗಳೂರು, ಮಂಗಳೂರು, ಧಾರವಾಡ, ದಾವಣಗೆರೆಯಂಥ ಕಡೆ ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ವಿಭಾಗವಿದೆ, ಕಷ್ಟದ ಹಲ್ಲನ್ನು ಅಲ್ಲಿಗೆ ಕಳಿಸುವುದು ಕೀಳು ಅಲ್ಲ. ಏನೂ ಆಗದಿದ್ದರೆ ತುದಿಗೆ ಎಂಟಿಎ ಬಿರಡೆ ಹಾಕಿ ಮುಗಿಸಬೇಕು.

ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಎಕ್ಸ್‌ರೇ. ಆಮೇಲೆ ಐದನೇ ವರ್ಷದವರೆಗೆ ವರ್ಷಕ್ಕೊಂದು. ಆರರಿಂದ ಹನ್ನೆರಡು ತಿಂಗಳೊಳಗೆ ತುದಿಯ ಸುತ್ತಲಿನ ಕಪ್ಪು ಮಾಯವಾಗಬೇಕು. ಗೋಡೆ ದಪ್ಪವಾಗುವುದು ಕಾಣಬೇಕಾದರೆ ಒಂದರಿಂದ ಎರಡು ವರ್ಷ. ಎಕ್ಸ್‌ರೇ ಕೋನ ಸ್ವಲ್ಪ ವಾಲಿದರೂ ಬೇರು ಉದ್ದವಾದಂತೆ ಕಾಣುವುದರಿಂದ, ಒಂದೇ ಹೋಲ್ಡರ್ ಬಳಸಿ ಒಂದೇ ಕೋನದಲ್ಲಿ ತೆಗೆಯದೆ ಬೇರು ಬೆಳೆಯಿತೆಂದು ಸಂಭ್ರಮಪಡಬಾರದು.

ಒಳಗೆ ಬೆಳೆಯುವುದು ಏನು? ರೀಜನರೇಟಿವ್, ಅಂದರೆ ಮತ್ತೆ ಹುಟ್ಟಿಸುವ, ಎಂಬ ಹೆಸರಿನಷ್ಟು ದೊಡ್ಡದಲ್ಲ ಎಂಬುದನ್ನು ತಂದೆತಾಯಿಗೆ ಮೊದಲೇ ತಿಳಿಸಬೇಕು. ಇಂಥ ಹಲ್ಲುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಂಡದ್ದು ಹೆಚ್ಚಾಗಿ ಬೇರಿನ ಹೊರಪದರವಾದ ಸಿಮೆಂಟಮ್‌ನಂಥ, ಮೂಳೆಯಂಥ, ಬೇರಿನ ಹೊರಗಿನ ನಾರಿನಂಥ ಅಂಗಾಂಶ. ಮೊದಲಿನ ತಿರುಳೂ ಅಲ್ಲ, ಮೊದಲಿನ ಡೆಂಟಿನ್ನೂ ಅಲ್ಲ. ಇದು ರಿಪೇರಿ, ಮರುಹುಟ್ಟಲ್ಲ. ನೋವು ಹೋಗಿ ಮೂಳೆ ಮಾಗುವುದು ಬಹುಪಾಲು ಹಲ್ಲುಗಳಲ್ಲಿ ಆಗುತ್ತದೆ. ಬೇರು ಬೆಳೆಯುವುದು ಒಂದೊಂದರಲ್ಲಿ ಒಂದೊಂದು ರೀತಿ. ಮೊಳಕೆ ಮುರಿದು ಸತ್ತ ಕಿರುದವಡೆಯಲ್ಲಿ ಚೆನ್ನಾಗಿಯೂ, ಪೆಟ್ಟು ತಿಂದ ಮುಂಬಲ್ಲಿನಲ್ಲಿ ಕಡಿಮೆಯೂ ಬೆಳೆಯುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಪೆಟ್ಟು ತಿರುಳಿನ ಜೊತೆ ಬೇರಿಗೆ ಆಕಾರ ಕೊಡುವ ತುದಿಯ ಕೋಶಗಳನ್ನೂ ಜಜ್ಜಿರುತ್ತದೆ. ಇಷ್ಟಿದ್ದರೂ ತೀರಾ ಎಳೆಯ ಬೇರಿಗೆ ಇದನ್ನೇ ಮೊದಲು ಪ್ರಯತ್ನಿಸಬೇಕು ಎಂಬುದು ನಮ್ಮ ನಿಲುವು. ಸೋತರೆ ಮುಚ್ಚಳ ತೆಗೆದು ಎಂಟಿಎ ಬಿರಡೆಗೆ ಹೋಗಲು ದಾರಿ ಸಾಮಾನ್ಯವಾಗಿ ಉಳಿದಿರುತ್ತದೆ. ಒಮ್ಮೆ ಬಿರಡೆ ಹಾಕಿದ ಮೇಲೆ ಇತ್ತ ತಿರುಗುವ ದಾರಿ ಇಲ್ಲ.

ಸೋಲು ತಡವಾಗಿಯೂ ಬರುತ್ತದೆ. ಗೋಡೆಯ ಸೂಕ್ಷ್ಮ ನಳಿಕೆಗಳಲ್ಲಿ ಉಳಿದ ಕ್ರಿಮಿ ಎರಡು ಮೂರು ವರ್ಷದ ಮೇಲೆ ತಲೆಯೆತ್ತಬಹುದು, ಅಷ್ಟರಲ್ಲಿ ನೋವಿಲ್ಲವೆಂದು ಮನೆಯವರು ಬರುವುದನ್ನು ಬಿಟ್ಟಿರುತ್ತಾರೆ. ವರ್ಷದ ಎಕ್ಸ್‌ರೇಗೆ ಬೇಸಿಗೆ ರಜೆ ಶುರುವಾದ ವಾರ ಎಂದು ಗೊತ್ತು ಮಾಡಿಕೊಟ್ಟರೆ ನೆನಪಿರುತ್ತದೆ.

ಇನ್ನೊಂದು ಅಪಾಯ ಬೇರೆ ಕ್ಲಿನಿಕ್ಕಿನಿಂದ ಬರುತ್ತದೆ. ಮನೆಯವರಿಗೆ ವರ್ಗವಾಗಿ ಊರು ಬದಲಾಗಿರುತ್ತದೆ. ಹೊಸ ಊರಿನ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿದರೆ, ಕತ್ತಿನಲ್ಲೊಂದು ಬಿಳಿ ಮುಚ್ಚಳ, ಕೆಳಗೆ ನಾಳ ಪೂರ್ತಿ ಖಾಲಿ. ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಎಂದು ಯಾರಿಗಾದರೂ ಅನ್ನಿಸುವ ಚಿತ್ರ ಅದು. ಒಳ್ಳೆಯ ಮನಸ್ಸಿನಿಂದಲೇ ಅವರು ಮುಚ್ಚಳ ಕೊರೆದು, ಒಳಗಿನ ಜೀವಂತ ಅಂಗಾಂಶವನ್ನು ಕೆರೆದು ತೆಗೆದು, ಗಟ್ಟಾ ಪರ್ಚಾ ತುಂಬಿ ಬಿಡಬಹುದು. ಅದಕ್ಕೇ ಕೊನೆಯ ಭೇಟಿಯ ದಿನ ಮನೆಯವರ ಕೈಗೆ ಒಂದು ಕಾಗದ ಕೊಡಬೇಕು: ಯಾವ ಹಲ್ಲು, ರಕ್ತ ಬರಿಸಿದ ತಾರೀಕು, ಮುಚ್ಚಳಕ್ಕೆ ಬಳಸಿದ ವಸ್ತು, ಇದುವರೆಗಿನ ಎಕ್ಸ್‌ರೇ ಪ್ರತಿಗಳು, ಮುಂದಿನ ಎಕ್ಸ್‌ರೇ ಯಾವಾಗ. ಅದರ ಮೇಲ್ಗಡೆ ದಪ್ಪಕ್ಷರದಲ್ಲಿ ಒಂದು ಸಾಲು, "ಈ ನಾಳವನ್ನು ಬೇಕೆಂದೇ ಖಾಲಿ ಬಿಡಲಾಗಿದೆ, ದಯವಿಟ್ಟು ತುಂಬಬೇಡಿ."